ಎಂಟೂವರೆಯ ಬಸ್ಸು

ದಿಬ್ರುಗಢ
ಮಾರ್ಚ್ 6, 1999

ಮಾನ್ಯ ಶ್ರೀ ಫಟಿಕ್ ಕಟಕಿಯವರಿಗೆ,

ಇಪ್ಪತ್ತಾರು ವರ್ಷ ನಿಮ್ಮನ್ನು ‘ಲೋ ಫಟಿಕ್’ ಎಂದು ಕರೆದವನು ನಾನು. ಇನ್ನು ಮರ್ಯಾದೆ ಕೊಟ್ಟೇ ಬರೆಯುತ್ತೇನೆ. ನಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ.

ಫೆಬ್ರವರಿ ಇಪ್ಪತ್ತೊಂದರಂದು, ನಾನು ಹೇಳಿಕಳಿಸಿ ಕರೆಸಿದಾಗ, ನಮ್ಮ ಜಗಲಿಯಲ್ಲಿ ನಡೆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೆ ಊಟ ಸೇರುತ್ತಿಲ್ಲ. ಕಂಚಿನ ಬಟಾ ತಟ್ಟೆ ತೊಳೆದು, ಅದರ ಮೇಲೆ ಒಂದು ಜೋಡಿ ಎಲೆಅಡಿಕೆ ಇಟ್ಟು, ಹೊಸ ಗಾಮೋಸಾ ವಸ್ತ್ರ ಹೊದಿಸಿ, ಅರವತ್ತು ವರ್ಷದ ನಾನು ಕ್ಷಮೆ ಬೇಡಿ ನಿಮ್ಮೆದುರು ಮಂಡಿಯೂರಿದೆ. ಊರೆಲ್ಲ ಸೇರಿ ಭಜನೆಯ ನಾಮಘರದಿಂದ ಹೊರಗೆ ಹಾಕಿದವನು ಕೂಡ ಹೀಗೆ ಮಂಡಿಯೂರಿದರೆ ಜನ ಆ ಜೋಡಿ ಎತ್ತಿಕೊಂಡು ಅವನನ್ನು ಒಳಗೆ ಕರೆಯುತ್ತಾರೆ. ನೀವು ಬಟಾ ನೋಡಿದಿರಿ. ನನ್ನ ಬೋಳು ನೆತ್ತಿಯನ್ನೂ ನೋಡಿದಿರಿ. “ನಂಗೆ ಹೊತ್ತಾಯ್ತು, ತಿಲೇಶ್ವರ ದಾ” ಎಂದು ಅಣ್ಣ ಅಂತಲೇ ಕರೆದು ಹೇಳಿದಿರಿ. ಕೊಡೆ ತೆಗೆದುಕೊಂಡು ಹೊರಟುಹೋದಿರಿ.

ತೊಂಬತ್ತೇಳರ ನವೆಂಬರಿನಲ್ಲಿ ನಿಮ್ಮ ಹೆಂಡತಿ ಸೇವಾಲಿ ತೀರಿಕೊಂಡ ದಿನ ನಾನು ಮಾಡಿದ್ದು ತಪ್ಪು. ಇಲ್ಲ ಅಂದವರು ಯಾರು? ನಗಾಂವ್‌ನಿಂದ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ನೀವು ನೆರೆ ತಡೆಯುವ ಕಟ್ಟೆಯ ಮೇಲೆ ನದಿ ನೋಡಲು ಹೋಗಿದ್ದಿರಿ. ಎಂಟರ ಹೊತ್ತಿಗೆ ವಾಪಸು ಬಂದವರಿಗೆ ಸುದ್ದಿ ಹೇಳದೆ ಅನ್ನ ಬಡಿಸಿದೆವು. ಸುದ್ದಿ ಕಿವಿಗೆ ಬಿದ್ದರೆ ಚಿತೆಯ ಬೆಂಕಿ ಆರುವ ತನಕ ತುತ್ತು ಮುಟ್ಟುವ ಹಾಗಿಲ್ಲ. ದಾರಿ ನೋಡಿದರೆ ಎಂಟು ತಾಸಿನದು. ಹತ್ತು ನಿಮಿಷದಲ್ಲಿ ಉಂಡು ಏಳುತ್ತೀರಿ, ಎಂಟೂವರೆಯ ಬಸ್ಸಿಗೆ ಕೂರಿಸೋಣ ಅಂದುಕೊಂಡೆ. ನೀವು ಏಳುವಷ್ಟರಲ್ಲಿ ಬಸ್ಸು ಹೋಗಿತ್ತು. ಒಂದು ಗಂಟೆಯ ಬಸ್ಸಿನಲ್ಲಿ ನೀವು ಮುಟ್ಟಿದಾಗ ಚಿತೆ ಬೂದಿಯಾಗಿತ್ತು.

ಅವತ್ತಿನಿಂದ ನೀವು ಕೆಲಸಕ್ಕೆಂದು ಈ ಊರಿಗೆ ಬರುತ್ತೀರಿ, ಸ್ಟೇಷನ್ ಹತ್ತಿರದ ಹೋಟೆಲ್ಲಿನಲ್ಲಿ ಇಳಿಯುತ್ತೀರಿ. ಕಟ್ಟೆಯ ಮೇಲೆ ನಾನು ಕಂಡರೆ ಆ ಕಡೆ ಇಳಿದುಬಿಡುತ್ತೀರಿ. ಇರಲಿ. ನಮ್ಮ ವಸತಿಮನೆಯ ನಾಲ್ಕನೇ ಕೋಣೆಯಲ್ಲಿ ನಿಮ್ಮ ತಗಡಿನ ಪೆಟ್ಟಿಗೆ, ಚಪ್ಪಲಿ, ಎರಡು ಲುಂಗಿ, ತಕ್ಕಡಿ ಪರೀಕ್ಷೆಯ ಐದು ಕಿಲೋ ಹಿತ್ತಾಳೆ ತೂಕ ಹಾಗೇ ಇವೆ. ಯಾವ ಬಸ್ಸಿಗೆ ಹಾಕಬೇಕು, ತಿಳಿಸಿ.

ಇಂತಿ,
ತಿಲೇಶ್ವರ ಚೆತಿಯಾ


ನಗಾಂವ್
ಮಾರ್ಚ್ 28, 1999

ತಿಲೇಶ್ವರ ದಾ,

ನಿಮ್ಮ ಪತ್ರ ತಲುಪಿತು. ಸಾಮಾನು ಬಸ್ಸಿಗೆ ಹಾಕಬೇಡಿ. ಹಿತ್ತಾಳೆ ತೂಕ ಬಾಗಿಲಿಗೆ ಒತ್ತು ಕೊಡಲು ಬಳಸಿಕೊಳ್ಳಿ, ಆ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ.

ಕೆಲವು ತಿಂಗಳು ನಾನು ಆ ಕಡೆ ಬರುವುದಿಲ್ಲ. ಚಹಾ ತೋಟಗಳ ತಕ್ಕಡಿ ನೋಡಲು ಕಂಪನಿ ಬಿಕ್ರಮ್ ದೈಮಾರಿ ಎಂಬುವರನ್ನು ಕಳಿಸುತ್ತದೆ. ಹೆಂಡತಿ ಮಕ್ಕಳ ಚಿಂತೆ ಮಾಡುವ ಮನುಷ್ಯ, ಕೆಲಸ ಅಚ್ಚುಕಟ್ಟು. ನಾಲ್ಕನೇ ಕೋಣೆಯನ್ನೇ ಕೊಡಿ. ಕಿಟಕಿಯ ಎಡಗಡೆಯ ಬಾಗಿಲನ್ನು ಮಾತ್ರ ತೆಗೆಯಲು ಹೇಳಿ, ಬಲಗಡೆಯದರ ತಿರುಗಣಿ ಸಡಿಲ. ಬೆಳಿಗ್ಗೆ ಆರಕ್ಕೆ ಮೊದಲು ಕಟ್ಟೆ ಹತ್ತಬೇಕು ಎಂದೂ ಹೇಳಿ. ಹತ್ತದಿದ್ದರೆ ಒತ್ತಾಯ ಮಾಡಬೇಡಿ.

ನದಿ ಈಗ ಎಲ್ಲಿದೆ? ಮೂರನೇ ಮರಳದಿಬ್ಬದ ಆಚೆಗೋ ಈಚೆಗೋ? ಕಟ್ಟೆಯ ಆರನೇ ಮೆಟ್ಟಿಲ ಬಿರುಕಿಗೆ ಸಿಮೆಂಟು ಬಿತ್ತೇ?

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತಿದ್ದೆ. ಆ ಸಾಲು ಬರಲಿಲ್ಲ. ಸಿಟ್ಟಿದೆ ಎಂದು ಬರೆದು ನೋಡಿದೆ, ಅದೂ ಸುಳ್ಳಿನ ಹಾಗೆ ಕಂಡಿತು. ಹೊಡೆದುಹಾಕಿದೆ.

ಫಟಿಕ್


ದಿಬ್ರುಗಢ
ಏಪ್ರಿಲ್ 22, 1999

ಲೋ ಫಟಿಕ್,

ಮೊದಲು ನಿನಗೆ ಎರಡು ಬಾರಿಸಬೇಕು, ಆಮೇಲೆ ಮಾತು!

ನಿನ್ನ ದೈಮಾರಿ ಬಿಹು ಹಬ್ಬ ಮುಗಿದ ಮೂರನೇ ದಿನ ಬಂದ. ಊಟಕ್ಕೆ ಕೂತಾಗ ನಾನು ವ್ಯಂಗ್ಯವಾಗಿ ಕೇಳಿದೆ, “ಏನಪ್ಪಾ, ನಿಮ್ಮ ಕಟಕಿ ಸಾಹೇಬ್ರು ದೊಡ್ಡ ಮನುಷ್ಯರಾಗಿಬಿಟ್ರಾ? ನಮ್ಮಂಥವರ ಮನೆ ಎಲೆಅಡಿಕೆ ಹಿಡಿಸೋದಿಲ್ವಂತೆ.”

ಆ ಪುಣ್ಯಾತ್ಮ ತುತ್ತು ಕೈಯಲ್ಲೇ ಹಿಡಿದುಕೊಂಡ. “ನಿಮಗೆ ಗೊತ್ತಿಲ್ವಾ? ಅವರು ಗುವಾಹಾಟಿ ಆಸ್ಪತ್ರೇಲಿದ್ದಾರೆ. ಬಾಯಿ ಕ್ಯಾನ್ಸರು. ಎಡಗಡೆ ದವಡೆ ತೆಗೀಬೇಕಂತೆ. ಫೆಬ್ರವರಿಯಲ್ಲೇ ಇಲ್ಲಿ ಒಬ್ರು ಡಾಕ್ಟ್ರು ನೋಡಿ ಹೇಳಿದ್ರಂತೆ, ಇಪ್ಪತ್ತೊಂದನೇ ತಾರೀಖು.”

ಇಪ್ಪತ್ತೊಂದು! ನಿನ್ನ ಅತ್ತಿಗೆ ನೀರದಾ, ನಿನ್ನ ಪ್ರೀತಿಯ ನಬೌ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳು ನನ್ನ ಮುಂದೆ ಬಂದಳು. “ನೋಡಿದ್ರಾ? ಎಲೆಅಡಿಕೆ ಹಾಕಬಾರದು ಅಂತ ಬೆಳಿಗ್ಗೆ ಡಾಕ್ಟರು ಹೇಳಿದ್ದಾರೆ, ಮಧ್ಯಾಹ್ನ ನೀವು ಅದನ್ನೇ ಮುಂದಿಟ್ಟಿದ್ದೀರಿ. ಪಾಪ, ಏನು ಮಾಡ್ತಾರೆ? ನೀವೋ ಎರಡು ತಿಂಗಳಿಂದ ಅವರಿಗೆ ಶಾಪ ಹಾಕ್ತಾ ಕೂತಿದ್ದೀರಿ!”

ಫಟಿಕ್, ಸುಳ್ಳು ಹೇಳುವುದಿಲ್ಲ. ನಿನಗೆ ಕಾಯಿಲೆ ಎಂದು ಕೇಳಿ ಎದೆ ಧಸಕ್ಕೆಂದಿತು. ಅದರ ಬೆನ್ನಿಗೇ ಖುಷಿಯೂ ಆಯಿತು. ಇದೆಂಥ ಪಾಪದ ಖುಷಿ ನೋಡು! ನನ್ನ ಗೆಳೆಯ ನನ್ನನ್ನು ತಳ್ಳಿ ಹೋಗಲಿಲ್ಲ, ಅವನ ಬಾಯಿ ಬೇಡ ಅಂದಿತು, ಅಷ್ಟೇ ಎಂದು ಅತ್ತೆ, ನಕ್ಕೆ. ದೈಮಾರಿ ನನ್ನನ್ನು ಹುಚ್ಚ ಅಂದುಕೊಂಡಿರಬೇಕು.

ಅವನನ್ನು ಕಟ್ಟೆಗೆ ಕರೆದುಕೊಂಡು ಹೋದೆ. ನದಿ ನೋಡಿ, “ಬಹಳ ಅಗಲ ಇದೆ” ಅಂದ. ಅಷ್ಟೇ. ಇವನಿಗೆ ನಾಲ್ಕನೇ ಕೋಣೆ ದಂಡ. ನದಿ ಮೂರನೇ ದಿಬ್ಬದ ಆಚೆಯೇ ಇದೆ. ಆರನೇ ಮೆಟ್ಟಿಲ ಬಿರುಕಿನಲ್ಲಿ ಹುಲ್ಲು ಹುಟ್ಟಿದೆ.

ಬಿಹುವಿಗೆಂದು ನೀರದಾ ಮಗ್ಗದಲ್ಲಿ ನಿನ್ನ ಪಾಲಿನ ಗಾಮೋಸಾ ನೇಯ್ದಿದ್ದಳು. ಕಳೆದ ವರ್ಷವೂ ನೇಯ್ದಿದ್ದಳು, ನನಗೆ ಹೇಳಿರಲಿಲ್ಲ. ಎರಡೂ ಪೆಟ್ಟಿಗೆಯಲ್ಲಿವೆ. ಬೇಗ ಚೇತರಿಸಿಕೋ.

ನಿನ್ನ
ತಿಲೇಶ್ವರ


ಗುವಾಹಾಟಿ
ಜೂನ್ 19, 1999

ತಿಲೇಶ್ವರ ದಾ,

ದವಡೆಯ ಅರ್ಧ, ನಾಲಿಗೆಯ ಒಂದು ಪಾಲು ತೆಗೆದಿದ್ದಾರೆ. ಮಾತು ಹೊರಟರೆ ನನಗೇ ಅರ್ಥವಾಗುವುದಿಲ್ಲ. ಮಗಳು ಜೂರಿ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಪ್ರಾಥಮಿಕ ಶಾಲೆಯ ಟೀಚರ್ ಅವಳು, ಸ್ಲೇಟಿಗೇನು ಕೊರತೆ?

ನೋವಿಲ್ಲ. ಎಡಗೆನ್ನೆ, ತುಟಿ, ಗದ್ದ ಮರಗಟ್ಟಿವೆ. ಚಹಾ ಕುಡಿದರೆ ಅಂಗಿಯ ಮೇಲೆ ಸುರಿದದ್ದು ಕಣ್ಣಿಗೆ ಕಂಡ ಮೇಲೆ ತಿಳಿಯುತ್ತದೆ. ಒಳಗೂ ಹಾಗೆಯೇ ಇದೆ. ಪಕ್ಕದ ಮಂಚದ ಮನುಷ್ಯ ಮೊನ್ನೆ ತೀರಿಕೊಂಡ. ಇಪ್ಪತ್ತು ದಿನ ನನ್ನ ಸ್ಲೇಟಿನ ಮೇಲೆ ಚುಕ್ಕೆ ಆಟ ಆಡಿದವನು. ಖಾಲಿ ಮಂಚ ನೋಡಿದೆ. ಏನೂ ಆಗಲಿಲ್ಲ.

ಸಂಜೆ ಐದಕ್ಕೆ ಕಣ್ಣು ಮುಚ್ಚಿ ನಿಮ್ಮ ಗೇಟಿನಿಂದ ಹೊರಡುತ್ತೇನೆ. ಎಡಕ್ಕೆ ಮರ ಕೊಯ್ಯುವ ಮಿಲ್ಲು, ಮುಚ್ಚಿದ ಔಷಧಿ ಅಂಗಡಿ, ಬಾತುಕೋಳಿಗಳ ಹೊಂಡ, ಆಮೇಲೆ ಹನ್ನೊಂದು ಮೆಟ್ಟಿಲು. ಆ ಊರು ನದಿಗಿಂತ ತಗ್ಗಿನಲ್ಲಿದೆಯಲ್ಲ, ಮೆಟ್ಟಿಲು ಹತ್ತುವವರೆಗೆ ನದಿ ಇದೆ ಎಂದೇ ಗೊತ್ತಾಗುವುದಿಲ್ಲ. ಹತ್ತಿದ ಮೇಲೆ ಬೇರೆ ಏನೂ ಇಲ್ಲ. ಜೋರಹಾಟ್, ತೇಜ್‌ಪುರ, ಶಿವಸಾಗರ, ಎಲ್ಲ ಕಡೆ ತಕ್ಕಡಿ ರಿಪೇರಿ ಮಾಡಿದ್ದೇನೆ. ಎಲ್ಲೂ ಒಂದು ದಿನ ಹೆಚ್ಚು ನಿಲ್ಲಲಿಲ್ಲ. ನಿಮ್ಮೂರಲ್ಲಿ ಮಾತ್ರ ಏಳು ದಿನದ ಕೆಲಸವನ್ನು ಹತ್ತು ದಿನ ಮಾಡಿದೆ. ಸೇವಾಲಿಗೆ ಗೊತ್ತಿತ್ತು. “ನನ್ನ ಸವತಿ ಹತ್ರ ಯಾವತ್ತು ಕರ್ಕೊಂಡು ಹೋಗ್ತೀರಿ?” ಎಂದು ಕೇಳುತ್ತಿದ್ದಳು. ಸವತಿ ಅಂದರೆ ಆ ಊರು. ಮುಂದಿನ ಚಳಿಗಾಲಕ್ಕೆ, ಅನ್ನುತ್ತಿದ್ದೆ. ಇಪ್ಪತ್ನಾಲ್ಕು ಚಳಿಗಾಲ ಹಾಗೆ ಅಂದೆ.

ನಿಮ್ಮ ಏಪ್ರಿಲ್ ಪತ್ರ ಓದಿದೆ. ನಿಮ್ಮ ಖುಷಿಯನ್ನು ಹಾಗೇ ಇರಲು ಬಿಡಬಹುದಿತ್ತು. ಆದರೆ ತಪ್ಪು ತೂಕಕ್ಕೆ ಮುದ್ರೆ ಒತ್ತಿ ನನಗೆ ಅಭ್ಯಾಸವಿಲ್ಲ.

ಅವತ್ತು ಕೆಟ್ಟಿದ್ದು ನನ್ನ ಬಾಯಿ. ಕೈ ಚೆನ್ನಾಗಿತ್ತು. ಹಲ್ಲಿಲ್ಲದ ಮುದುಕಿಯರೂ ಬಟಾದಿಂದ ಜೋಡಿ ಎತ್ತಿ ಹಣೆಗೆ ಒತ್ತಿಕೊಂಡು ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ತಿನ್ನಲೇಬೇಕು ಎಂದು ಯಾರೂ ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ನಾನು ತೆಗೆದುಕೊಳ್ಳಲಿಲ್ಲ, ಯಾಕೆಂದರೆ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಇನ್ನೊಂದು ಮಾತು. ಸೇವಾಲಿ ಹೋದ ಬೆಳಿಗ್ಗೆ ನೀವು ಬಡಿಸಿದ್ದು ಹುಳಿ ಮೀನುಸಾರು. ಬಹಳ ರುಚಿಯಾಗಿತ್ತು. ಹತ್ತು ನಿಮಿಷದಲ್ಲಿ ಏಳಬೇಕಾದವನು ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಮೀನಿನ ತಲೆ ಕೇಳಿ ಹಾಕಿಸಿಕೊಂಡೆ. “ನಬೌ, ಇವತ್ತು ಕೈಗೆ ಏನು ಹಚ್ಕೊಂಡಿದ್ದೀರಿ?” ಎಂದು ತಮಾಷೆ ಮಾಡಿದೆ. ಅಲ್ಲಿ ಅವಳನ್ನು ನೆಲದ ಮೇಲೆ ಮಲಗಿಸಿದ್ದರು. ಸಂಜೆ ನಾಲ್ಕೂವರೆಯವರೆಗೆ ಕಾದರಂತೆ. ಹೆಣ ರಾತ್ರಿ ಉಳಿದು ಹಳಸಬಾರದು ಎಂದು ಹಿರಿಯರು ಎತ್ತಿಸಿದರಂತೆ. ಜೂರಿ ಒಬ್ಬಳೇ “ಅಪ್ಪ ಬರ್ತಾರೆ, ತಾಳಿ” ಎಂದು ಬಾಗಿಲಿಗೆ ಅಡ್ಡ ನಿಂತಳಂತೆ.

ನಾನು ಎರಡನೇ ಸಲ ಅನ್ನ ಕೇಳಿದಾಗ ನೀವು ನನ್ನ ಮುಖ ನೋಡಿ ಬಡಿಸಿದಿರಿ. ಗೊತ್ತಿದ್ದೂ ಬಡಿಸಿದಿರಿ. ಅದು ನನಗೆ ಮರೆಯಲು ಆಗಿಲ್ಲ, ತಿಲೇಶ್ವರ ದಾ. ಬರೆಯದಿದ್ದರೆ ಸುಳ್ಳಾಗುತ್ತದೆ, ಅದಕ್ಕೆ ಬರೆದೆ.

ಫಟಿಕ್


ದಿಬ್ರುಗಢ
ಸೆಪ್ಟೆಂಬರ್ 11, 1999

ಫಟಿಕ್ ಅವರಿಗೆ ನೀರದಾ ಬರೆಯುವುದು,

ನಾನು ಆರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಕೆಟ್ಟದಾಗಿವೆ, ತಾಳ್ಮೆಯಿಂದ ಓದಿ.

ನಿಮ್ಮ ಜೂನ್ ಪತ್ರವನ್ನು ಇವರು ಕಟ್ಟೆಯ ಮೇಲೆ ಕೂತು ಓದಿಕೊಂಡು ಬಂದರು. ಉತ್ತರ ಬರೆಯಲು ಕೂರುತ್ತಾರೆ, ಕಾಗದ ಹರಿಯುತ್ತಾರೆ. ಜುಲೈನಲ್ಲಿ ನೀರು ಏರಿ ಊರೆಲ್ಲ ಕಟ್ಟೆ ಕಾಯುತ್ತಿದ್ದಾಗ ಇವರು ಜಗಲಿಯಲ್ಲೇ ಕೂತಿದ್ದರು. ಮೀನು ಬಿಟ್ಟರು. ಬಾಡಿಗೆಯವರ ಜೊತೆ ಕಾದಾಡುವುದನ್ನೂ ಬಿಟ್ಟರು. ಬೈಯದ ಗಂಡನನ್ನು ನೋಡಿ ನನಗೆ ಭಯವಾಗಿ ಪತ್ರ ಹುಡುಕಿ ಓದಿದೆ.

ಫಟಿಕ್, ಆ ಫೋನ್ ಎತ್ತಿದವಳು ನಾನು. ಮೊದಲು ಉಣ್ಣಲಿ, ಆಮೇಲೆ ಹೇಳೋಣ ಅಂದವಳೂ ನಾನು. ಇವರು ಎರಡು ಸಲ “ಬಸ್ ಹೊತ್ತಾಗ್ತಿದೆ ಕಣೇ, ಹೇಳಿಬಿಡೋಣ” ಅಂದರು. ನಾನು ಕಣ್ಣಲ್ಲೇ ಗದರಿಸಿದೆ. ನೀವು ಎರಡನೇ ಸಲ ಅನ್ನ ಕೇಳಿದಾಗ ಇವರ ಕೈಯಿಂದ ಸೌಟು ಜಾರಿ ತಟ್ಟೆಗೆ ಬಡಿಯಿತು. ನಿಮಗೆ ನೆನಪಿರಬಹುದು. ಆಮೇಲೆ ನಿಮ್ಮ ಸಿಟ್ಟು ಕಂಡು, “ಅದನ್ನ ನಾನೇ ಮಾಡಿದ್ದು ಅಂತ ಇರಲಿ, ನೀನು ಬಾಯಿ ಬಿಡಬೇಡ. ಅವನು ನಿನ್ನನ್ನ ನಬೌ ಅಂತಾನೆ, ಅದೊಂದಾದ್ರೂ ಉಳೀಲಿ” ಅಂದರು. ನನ್ನ ತಪ್ಪಿಗೆ ಮಂಡಿಯೂರಿದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ.

ಯಾಕೆ ಹಾಗೆ ಮಾಡಿದೆ ಎಂದು ಹೇಳುತ್ತೇನೆ. ನನಗೆ ಮದುವೆಯಾಗಿ ಎರಡನೇ ವರ್ಷ ಅಪ್ಪ ಸತ್ತ ಸುದ್ದಿ ಖಾಲಿ ಹೊಟ್ಟೆಯಲ್ಲಿದ್ದಾಗ ಬಂತು. ದೋಣಿ, ಆಮೇಲೆ ಎತ್ತಿನ ಗಾಡಿ, ಆಮೇಲೆ ನಡಿಗೆ. ಹೋಗಿ ಮುಟ್ಟಿದಾಗ ಅಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಅಪ್ಪನ ಪಕ್ಕ ಕೂತು ನಾನು ಯೋಚಿಸಿದ್ದು ಅನ್ನದ ಬಗ್ಗೆ. ಇವತ್ತಿಗೂ ಅಪ್ಪನ ಮುಖ ನೆನಪಿಗೆ ಬಂದರೆ ಅದರ ಜೊತೆ ಆ ಹಸಿವೂ ಬರುತ್ತದೆ. ನಿಮಗೆ ಹಾಗೆ ಆಗದಿರಲಿ ಅಂದುಕೊಂಡೆ. ನೀವು ಸೇವಾಲಿಯ ಪಕ್ಕ ಕೂತು ಹೊಟ್ಟೆ ತುಂಬಿ ಅಳುವಂತಾಗಲಿ ಅಂದುಕೊಂಡೆ. ಆದರೆ ಪಕ್ಕ ಕೂರುವುದನ್ನೇ ತಪ್ಪಿಸಿಬಿಟ್ಟೆ.

ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡಿ. ಇವರಿಗೆ ಒಂದು ಸಾಲು ಬರೆಯಿರಿ. ನಾನು ಬರೆದದ್ದು ಇವರಿಗೆ ಗೊತ್ತಿಲ್ಲ.

ನೀರದಾ


ನಗಾಂವ್
ಅಕ್ಟೋಬರ್ 20, 1999

ನಬೌ,

ನಿಮ್ಮ ಅಕ್ಷರ ಚೆನ್ನಾಗಿವೆ.

ಇಪ್ಪತ್ತಮೂರು ತಿಂಗಳು ತಪ್ಪು ಮನುಷ್ಯನ ಮೇಲೆ ಮುನಿಸಿಕೊಂಡಿದ್ದೆ ಎಂದು ತಿಳಿದ ಮೇಲೆ, ಆ ಮುನಿಸನ್ನು ನಿಮ್ಮ ಕಡೆ ತಿರುಗಿಸಲು ನೋಡಿದೆ. ಆಗಲಿಲ್ಲ. ಕ್ಷಮಿಸಿದೆ ಎಂದು ಬರೆಯಲು ನೋಡಿದೆ, ಅದೂ ಆಗಲಿಲ್ಲ. ನಿಮ್ಮ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಒಂದು ತಿಂಗಳು ಕಾದೆ. ಏನಾದರೂ ಅನ್ನಿಸಲಿ ಎಂದು ಕಾದೆ. ಮೊನ್ನೆ ಕಾತಿ ಬಿಹು ಹಬ್ಬಕ್ಕೆ ಜೂರಿ ತುಳಸಿಯ ಮುಂದೆ ದೀಪ ಹಚ್ಚಿದಳು. “ನಮಸ್ಕಾರ ಮಾಡಿ ಅಪ್ಪ” ಅಂದಳು. ಮಾಡಿದೆ. ಕೈಗಳು ಮಾಡಿದವು, ಅಷ್ಟೇ.

ಕುತ್ತಿಗೆಯಲ್ಲಿ ಇನ್ನೊಂದು ಗಂಟು ಬಂದಿದೆ. ಇನ್ನು ಕೊಯ್ಯುವುದಿಲ್ಲವಂತೆ. ಗಂಜಿಯನ್ನು ಕೊಳವೆಯಲ್ಲಿ ಬಿಡುತ್ತಾರೆ. ಸಪ್ಪೆಯೋ ಉಪ್ಪೋ ತಿಳಿಯುವುದಿಲ್ಲ. ಯಾವಾಗ ಕೊನೆಯ ಸಲ ರುಚಿ ಕಂಡು ಉಂಡೆ ಎಂದು ಯೋಚಿಸಿದೆ. ಸೇವಾಲಿ ಹೋದ ಮೇಲೆ ಹೊಟ್ಟೆಗೆ ಹಾಕಿದ್ದೇನೋ ಹಾಕಿದೆ, ಬಾಯಿಗೆ ಏನೂ ಹತ್ತಲಿಲ್ಲ. ನಿಮ್ಮ ಮನೆಯ ಆ ಹುಳಿ ಮೀನುಸಾರೇ ಕೊನೆಯದು. ಎರಡನೇ ಸಲ ಕೇಳಿದ್ದೇ ಕೊನೆಯದು. ಇದನ್ನು ಒಳ್ಳೆಯದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ ನನಗೆ ಗೊತ್ತಿಲ್ಲ. ತಕ್ಕಡಿಯ ಎರಡೂ ತಟ್ಟೆ ಸಮ ನಿಂತಿವೆ.

ನವೆಂಬರ್ 18ಕ್ಕೆ ದಿಬ್ರುಗಢಕ್ಕೆ ಬರುತ್ತೇನೆ. ಎರಡು ದಿನ ಇದ್ದು ಶನಿವಾರ ಎಂಟೂವರೆಯ ಬಸ್ಸಿಗೆ ಹೊರಡುತ್ತೇನೆ. ಜೂರಿ ಬೇಡ ಅನ್ನುತ್ತಿದ್ದಾಳೆ. ನನಗೆ ಅಲ್ಲಿ ಒಂದು ಕೆಲಸ ಬಾಕಿ ಇದೆ, ಕಾಗದದಲ್ಲಿ ಮುಗಿಯುವಂಥದ್ದಲ್ಲ. ಅದಾದ ಮೇಲೆ ಒಂದು ಸಲ ಕಟ್ಟೆ ಹತ್ತಬೇಕು.

ತಿಲೇಶ್ವರ ದಾಗೆ ತಿಳಿಸಿ.

ಫಟಿಕ್


ದಿಬ್ರುಗಢ
ನವೆಂಬರ್ 5, 1999

ಫಟಿಕ್,

ನಿನ್ನ ನಬೌ ಎರಡು ಪತ್ರಗಳ ವಿಷಯವನ್ನೂ ಹೇಳಿದಳು. ಅವಳನ್ನು ಬೈದೆ. ನಾಲ್ಕು ತಿಂಗಳ ಮೇಲೆ ಬೈದೆ, ನಾಲಿಗೆ ತುಕ್ಕು ಹಿಡಿದಿತ್ತು.

ಬಾ. ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿಯ ಬಲಗಡೆಯ ತಿರುಗಣಿ ಸರಿ ಮಾಡಿಸಿದೆ, ಇನ್ನು ಎರಡೂ ಬಾಗಿಲು ತೆಗೆಯಬಹುದು. ನದಿ ಇಳಿದಿದೆ. ಮರಳದಿಬ್ಬದ ಮೇಲೆ ದನ ಮೇಯಿಸುವವರು ಗುಡಿಸಲು ಹಾಕಿದ್ದಾರೆ. ಮೆಟ್ಟಿಲು ಹತ್ತಲು ಆಗದಿದ್ದರೆ ದೈಮಾರಿಯೂ ನಾನೂ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತೇವೆ. ಅವನೂ ಈಗ ಬೆಳಿಗ್ಗೆ ಐದೂವರೆಗೇ ಏಳುತ್ತಾನೆ, ನಿನ್ನ ರೋಗ ಅಂಟಿದೆ ಅವನಿಗೆ.

ನಿನ್ನ ಬಾಕಿ ಕೆಲಸ ಯಾವುದು ಎಂದು ನನಗೆ ಗೊತ್ತು. ಹಿತ್ತಾಳೆ ತೂಕವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದೇನೆ, ಕನ್ನಡಿಯ ಹಾಗಿದೆ. ಕಂಪನಿಗೆ ಒಪ್ಪಿಸಿಬಿಡು.

ನಿನಗೆ ಕೆಡುಕು ಮಾಡುವ ಯಾವ ವಸ್ತುವೂ ಈ ಮನೆಯಲ್ಲಿಲ್ಲ, ಧೈರ್ಯವಾಗಿ ಬಾ.

ತಿಲೇಶ್ವರ


ದಿಬ್ರುಗಢ
ನವೆಂಬರ್ 20, 1999, ಶನಿವಾರ

ಜೂರಿ ಮಗಳೇ,

ಪಕ್ಕದ ಮನೆಗೆ ತಿಲೇಶ್ವರ ದಾ ಫೋನ್ ಮಾಡಿ, ನಿನ್ನ ಅಪ್ಪ ಇವತ್ತು ಬರುವುದಿಲ್ಲ ಎಂದಷ್ಟೇ ಹೇಳಿರುತ್ತಾರೆ. ಯಾಕೆ ಎಂದು ಹೇಳಲು ಅವರಿಂದ ಆಗಲಿಲ್ಲ. ನಾನಂತೂ ಫೋನಿನಲ್ಲಿ ಮಾತಾಡಲಾರೆ. ಅದಕ್ಕೆ ಈ ಪತ್ರ. ಗಾಬರಿಯಾಗಬೇಡ, ಆರೋಗ್ಯ ಇದ್ದ ಹಾಗೇ ಇದೆ.

ನಾನು ಇಲ್ಲಿಗೆ ಬಂದದ್ದು ಯಾಕೆ ಎಂದು ನಿನಗೆ ಹೇಳಿರಲಿಲ್ಲ. ಹೋದ ಫೆಬ್ರವರಿಯಲ್ಲಿ ಇವರು ಬಟಾದಲ್ಲಿಟ್ಟು ಕೊಟ್ಟ ಜೋಡಿಯನ್ನು ಬಿಟ್ಟು ಹೋಗಿದ್ದೆ. ಅದನ್ನು ಕೈಯಲ್ಲಿ ತೆಗೆದುಕೊಳ್ಳಬೇಕು ಎಂದು ಬಂದೆ. ಮನಸ್ಸು ಕರಗಿತ್ತು ಎಂದಲ್ಲ. ಮನಸ್ಸು ಏನನ್ನೂ ಹೇಳುತ್ತಿರಲಿಲ್ಲ. ಕೈಯಾದರೂ ತನ್ನ ಕೆಲಸ ಮಾಡಲಿ ಅಂದುಕೊಂಡೆ.

ಗುರುವಾರ ಸಂಜೆ ಬಂದಿಳಿದೆ. ಅವರಾಗಿಯೇ ಬಟಾ ತರಲಿ ಎಂದು ಕಾದೆ, ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ತಿಲೇಶ್ವರ ದಾ ಅವರ ತುಟಿಗಳನ್ನು ನೋಡಿದರೆ ಬೆಳ್ಳಗೆ ಬಿಳಿಚಿಕೊಂಡಿವೆ. ನಾನು ಕಂಡ ಇಪ್ಪತ್ತಾರು ವರ್ಷವೂ ಕೆಂಪಗಿದ್ದ ತುಟಿಗಳು! ಇವರಿಗೂ ಕಾಯಿಲೆಯೇ ಅಂದುಕೊಂಡೆ. ಮಧ್ಯಾಹ್ನ ಎದುರು ಮನೆಯ ಅಜ್ಜಿ ಬಂದು ಕೂತು, “ಏನಮ್ಮಾ ನೀರದಾ, ಬಂದೋರಿಗೆ ಒಂದು ಚೂರು ಅಡಿಕೆ ಕೊಡೋಕೂ ಗತಿ ಇಲ್ವಾ ಈ ಮನೇಲಿ? ಹಿತ್ತಲ ಮರದ ಗೊನೆಗಳನ್ನೆಲ್ಲ ಬೀದಿಗೆ ಹಂಚಿದ್ರಂತೆ, ಏನು ಹುಚ್ಚು?” ಅಂದಳು. ನಬೌ ಕಣ್ಣು ಬಿಟ್ಟು ಅವಳ ಬಾಯಿ ಮುಚ್ಚಿಸಿದರು. ನನಗೆ ಆಗಲೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ರಿಕ್ಷಾ ಬಂದು ಗೇಟಿನಲ್ಲಿ ನಿಂತಿತು. ತಿಲೇಶ್ವರ ದಾ ಹಿತ್ತಾಳೆ ತೂಕವನ್ನು ಗಾಮೋಸಾದಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದರು. “ತಗೊಳ್ಳೋ. ಇದಕ್ಕೇ ತಾನೇ ಇಷ್ಟು ದೂರ ಬಂದಿದ್ದು?”

ನಾನು ಸ್ಲೇಟಿನ ಮೇಲೆ ಬರೆದೆ: ಬಟಾ ಎಲ್ಲಿ?

ಅವರು ಓದಿದರು. ಅರ್ಥವಾಗಲಿಲ್ಲ. ಒರೆಸಿ ಮತ್ತೆ ಬರೆದೆ: ಫೆಬ್ರವರಿಯಲ್ಲಿ ಬಿಟ್ಟುಹೋದ ಜೋಡಿ ಕೊಡಿ.

ನಬೌ ಬಾಗಿಲಿಗೆ ಒರಗಿ ಮುಖ ಮುಚ್ಚಿಕೊಂಡರು. ತಿಲೇಶ್ವರ ದಾ ತೂಕವನ್ನು ನೆಲದ ಮೇಲಿಟ್ಟು ಎರಡೂ ಕೈಗಳಿಂದ ತಲೆ ಚಚ್ಚಿಕೊಂಡರು. “ಅಯ್ಯೋ ಫಟಿಕ್! ಒಂದೇ ಒಂದು ಅಡಿಕೆ ಇಲ್ವಲ್ಲೋ ಮನೇಲಿ! ನಿನ್ನ ಬಾಯಿ ತಿಂದ ಪದಾರ್ಥ ನಿನ್ನ ಕಣ್ಣಿಗೆ ಬೀಳಬಾರದು ಅಂತ ಎಲ್ಲಾ ಹೊರಗೆ ಹಾಕಿದ್ವಲ್ಲೋ! ನಾನೂ ಬಿಟ್ಟೆ, ಇವಳೂ ಬಿಟ್ಟಳು. ಇರು, ಇರು, ಎಲ್ಲಿಂದಾದ್ರೂ ತರ್ತೀನಿ, ಹೋಗಬೇಡ!” ಎಂದು ಚಪ್ಪಲಿಯನ್ನೂ ಹಾಕದೆ ಓಡಿದರು.

ಅಷ್ಟು ಹೊತ್ತಿಗೆ ಅಂಗಡಿಗಳು ತೆಗೆದಿರಲಿಲ್ಲ. ಅವರು ಮಿಲ್ಲಿನ ಕಡೆ ಓಡಿದ್ದು ಕಂಡಿತು, ವಾಪಸು ಬಂದು ಹೊಂಡದ ಕಡೆ ಓಡಿದ್ದೂ ಕಂಡಿತು. ನಬೌ ಒಳಗೆ ಹೋಗಿ ಬಟಾ ತಂದು ಬೂದಿ ಹಾಕಿ ಉಜ್ಜತೊಡಗಿದರು. ಅದು ಹಸಿರುಗಟ್ಟಿತ್ತು. ಎಂಟೂಕಾಲಾಯಿತು. ರಿಕ್ಷಾದವನು ಗಂಟೆ ಬಾರಿಸಿದ. “ಬಾಬೂ, ಹತ್ತಿ ಬೇಗ. ಎಂಟೂವರೆಗೆ ಡ್ರೈವರು ಒಂದು ನಿಮಿಷ ಕಾಯಲ್ಲ.”

ನಬೌ ಉಜ್ಜುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. “ಹೋಗಿ ಫಟಿಕ್. ಇನ್ನೊಂದ್ಸಲ ಈ ಮನೆಯೋರು ನಿಮ್ಮ ಬಸ್ ತಪ್ಪಿಸಬಾರದು. ನಿಮ್ಮ ಕಾಲು ಹಿಡ್ಕೋತೀನಿ, ಹೋಗಿ. ಮಗಳು ಕಾಯ್ತಿರ್ತಾಳೆ.”

ನಾನು ಸ್ಲೇಟಿನ ಮೇಲೆ ‘ನೀನು ಹೋಗಪ್ಪ’ ಎಂದು ಬರೆದು ರಿಕ್ಷಾದವನಿಗೆ ತೋರಿಸಿದೆ. ಅವನಿಗೆ ಓದು ಬರುವುದಿಲ್ಲ. ನಬೌ ಓದಿ ಹೇಳಬೇಕಾಯಿತು. ಓದಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ತಿಲೇಶ್ವರ ದಾ ಬಂದಾಗ ಎಂಟು ಐವತ್ತು. ಕಾಲಿಗೆ ಏನೋ ಚುಚ್ಚಿ ರಕ್ತ ಬರುತ್ತಿತ್ತು. ಅಂಗಳ ನೋಡಿದರು, ರಿಕ್ಷಾ ಇಲ್ಲ. ನನ್ನನ್ನು ನೋಡಿದರು. ಕೈಯಲ್ಲಿ ಎರಡು ಹಸಿ ಅಡಿಕೆ, ಎರಡು ಎಲೆ. ಯಾರದೋ ಹಿತ್ತಲ ಬಳ್ಳಿಯಿಂದ ಆಗಷ್ಟೇ ಕಿತ್ತದ್ದು, ಇಬ್ಬನಿ ಇನ್ನೂ ಇತ್ತು. ಜೋಡಿಯನ್ನು ಬಟಾದಲ್ಲಿಟ್ಟು ಮಂಡಿಯೂರಲು ಬಗ್ಗಿದರು. ನಾನು ಅವರ ಭುಜ ಹಿಡಿದು ನಿಲ್ಲಿಸಿದೆ. ಎತ್ತಿಕೊಂಡೆ. ಹಣೆಗೆ ಒತ್ತಿಕೊಂಡೆ.

ಎಲೆ ಒದ್ದೆಯಾಗಿತ್ತು, ಜೂರಿ. ಅಂಗೈಗೆ ತಣ್ಣಗೆ ತಾಗಿತು. ತುಂಬಾ ತಣ್ಣಗೆ. ನನಗೆ ಒಳಗೂ ಗೊತ್ತಾಯಿತು.

ಎಂಟೂವರೆಯ ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಈ ಸಲ ಅದನ್ನು ನಾನೇ ಬಿಟ್ಟೆ.

ನಾನು ಇನ್ನೂ ಕಟ್ಟೆ ಹತ್ತಿಲ್ಲ. ಎರಡು ದಿನವೂ ಕೆಳಗೇ ನಿಂತು ಬಂದೆ. ನಿನ್ನ ಅಮ್ಮನನ್ನು ಒಂದು ಸಲವೂ ಕರೆತರದ ಜಾಗಕ್ಕೆ ಮತ್ತೆ ಒಬ್ಬನೇ ಹತ್ತಲು ಕಾಲು ಬರಲಿಲ್ಲ. ಈ ಪತ್ರ ಮುಟ್ಟಿದ ಮರುದಿನ ಶಾಲೆಗೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಬಾ. ಹನ್ನೊಂದು ಮೆಟ್ಟಿಲಿವೆ. ಆರನೆಯದು ಒಡೆದಿದೆ, ಕೈ ಹಿಡಿದುಕೋ.

ನಿನ್ನ
ಅಪ್ಪ